ಪಕ್ಕದ ಮಂಚದ ಲೋಟ

ಮೈಸೂರಿನ ಒಂದು ವೃದ್ಧಾಶ್ರಮದಲ್ಲಿ ಕೆಲವು ತಿಂಗಳು ಒಂದು ಅಧ್ಯಯನಕ್ಕಾಗಿ ಕೆಲಸ ಮಾಡಿದ್ದೆ. ಕೆಲವರಿಗೆ ಪ್ರೋಟೀನ್ ಪುಡಿ ಬೆರೆಸಿದ ಹಾಲು, ಉಳಿದವರಿಗೆ ಎಂದಿನ ಹಾಲು. ಯಾರು ಎಷ್ಟು ಕುಡಿದರು ಅಂತ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಮೂರನೇ ದಿನ ಸಂಜೆ ನೋಡ್ತೀನಿ, ಒಬ್ಬರು ಅಜ್ಜಿ ನಡುಗುವ ಕೈಯಲ್ಲಿ, ಒಂದು ಹನಿಯೂ ಚೆಲ್ಲದ ಹಾಗೆ, ತಮ್ಮ ಸ್ಟೀಲ್ ಲೋಟದ ಅರ್ಧ ಹಾಲನ್ನು ಪಕ್ಕದ ಮಂಚದವರ ಲೋಟಕ್ಕೆ ಬಗ್ಗಿಸುತ್ತಿದ್ದರು.

"ಅಜ್ಜಿ, ಅದು ನಿಮಗೆ ಕೊಟ್ಟಿದ್ದು."

"ಅವಳಿಗೆ ಬೇಡ್ವೇನಮ್ಮಾ?"

ನನ್ನ ಫಾರಂನಲ್ಲಿ ಇದನ್ನು ಬರೆಯಲು ಜಾಗವೇ ಇರಲಿಲ್ಲ. ತಪ್ಪು ಅಜ್ಜಿಯದಲ್ಲ, ನಮ್ಮ ಯೋಜನೆಯದು. ಒಂದೇ ಅಡುಗೆಮನೆ, ಒಂದೇ ಪಂಕ್ತಿ, ವರ್ಷಗಟ್ಟಲೆ ಒಟ್ಟಿಗೆ ಇರುವವರು. ಅಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಹಂಚಿಕೊಳ್ಳದೆ ಇರ್ತಾರಾ? ಹಂಚಿಕೊಂಡರೆ ಎರಡು ಗುಂಪುಗಳ ಹೋಲಿಕೆಗೆ ಅರ್ಥವೇ ಇರಲ್ಲ. ಇಂಥ ಕಡೆ ಯಾರಿಗೆ ಏನು ಕೊಡಬೇಕು ಅಂತ ಚೀಟಿ ಎತ್ತಬೇಕಾದ್ದು ಒಬ್ಬೊಬ್ಬರ ಹೆಸರಿನಲ್ಲಲ್ಲ, ಇಡೀ ಮನೆಯ ಹೆಸರಿನಲ್ಲಿ.

ಆಸ್ಟ್ರೇಲಿಯಾದಲ್ಲಿ ಹಾಗೇ ಮಾಡಿದ್ದಾರೆ. 60 ಆರೈಕೆ ಮನೆಗಳು, 7,195 ಜನ, ಸರಾಸರಿ ವಯಸ್ಸು 86. 30 ಮನೆಗಳ ಊಟದಲ್ಲಿ ಹಾಲು, ಮೊಸರು, ಚೀಸ್ ಜಾಸ್ತಿ ಮಾಡಿದರು, ಉಳಿದ 30ರಲ್ಲಿ ಎಂದಿನ ಊಟ. ಎರಡು ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಮೂಳೆ ಮುರಿತ ಶೇ. 33ರಷ್ಟು ಕಡಿಮೆ, ಸೊಂಟದ ಮುರಿತ ಶೇ. 46ರಷ್ಟು ಕಡಿಮೆ. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದೂ ಹೇಳಬೇಕು. ಆದರೆ ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಎಷ್ಟೋ ಜನ ಮತ್ತೆ ತಾವಾಗಿ ಎದ್ದು ಬಚ್ಚಲಿಗೆ ಹೋಗಲಾರರು. ಅದು ತಪ್ಪಿದರೆ ಸಣ್ಣ ವಿಷಯ ಅಲ್ಲ. ಅದೂ ಹೊಸ ಮಾತ್ರೆಯಿಂದಲ್ಲ, ಅಡುಗೆಯವರ ಕೈಯಿಂದ ಆದದ್ದು. ಅಂಥ ಮನೆಗಳಲ್ಲಿ ಸಂಶೋಧನೆ ಶುರುವಾಗಬೇಕಾದ್ದು ಅಡುಗೆಯವರನ್ನೂ ಆಯಾಗಳನ್ನೂ ಕೂರಿಸಿಕೊಂಡು ಮಾತಾಡುವುದರಿಂದ. ನಾವು ಸೀದಾ ಮ್ಯಾನೇಜರ್ ಹತ್ತಿರ ಹೋಗಿದ್ದೆವು.

ಇನ್ನೊಂದು ವಿಷಯ ಒಪ್ಪಿಗೆ. ಮರೆವಿನ ಕಾಯಿಲೆಯಿಂದ ತಾವೇ ತೀರ್ಮಾನ ಮಾಡಲಾಗದವರ ಪರವಾಗಿ ಮನೆಯವರು ಸಹಿ ಹಾಕುತ್ತಾರೆ, ಸರಿ. ಆದರೆ ಮಗ ಎಲ್ಲೋ ಕೂತು ಹಾಕಿದ ಸಹಿ ಇವತ್ತಿನ ಲೋಟಕ್ಕೂ ಸಾಕಾಗುತ್ತಾ? ಒಬ್ಬರು ತಾತ ಮಾತೇ ಆಡುತ್ತಿರಲಿಲ್ಲ. ಒಂದು ದಿನ ಲೋಟ ಹತ್ತಿರ ತಂದಾಗ ತುಟಿ ಬಿಗಿದು ಮುಖವನ್ನು ಗೋಡೆ ಕಡೆ ತಿರುಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದೆ, ಆಗಲೂ ಅಷ್ಟೇ. "ಸುಮ್ನೆ ಕುಡಿಸಿಬಿಡಿ ಮೇಡಂ, ಅವರಿಗೇನು ಗೊತ್ತಾಗಲ್ಲ" ಅಂದರು ಆಯಾ. ನಾನು ಲೋಟ ವಾಪಸ್ ಇಟ್ಟು, ಹಾಳೆಯ ಅಂಚಿನಲ್ಲಿ "ಬೇಡ ಅಂದರು" ಅಂತ ಬರೆದೆ.