ಪಹಣಿಯಲ್ಲಿ ಹೆಸರಿಲ್ಲದ ರೈತ

ರಾತ್ರಿ ನಿದ್ದೆ ಬರದೆ ಏನೋ ಓದುತ್ತಾ ಕೂತಿದ್ದೆ, ದಲೀಪ್ ಸಿಂಗ್ ಸೌಂದ್ ಸಿಕ್ಕಿಬಿಟ್ಟರು. ಅಮೃತಸರದ ಕಡೆಯ ಹಳ್ಳಿಯವರು. 1920ರಲ್ಲಿ ಅಮೆರಿಕಕ್ಕೆ ಹೋಗಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಪಡೆದರು. ಆಮೇಲೆ? ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಸುಡುಬಿಸಿಲಲ್ಲಿ ಲೆಟಿಸ್ ಸೊಪ್ಪು ಬೆಳೆದರು. ಗಣಿತದ ಡಾಕ್ಟರು ಸೊಪ್ಪಿನ ಮಡಿಯಲ್ಲಿ!

ಅದೂ ಸ್ವಂತ ಹೆಸರಲ್ಲಿ ನೆಲ ಹಿಡಿಯುವ ಹಾಗಿಲ್ಲ. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳಬಾರದೆಂದು ಕ್ಯಾಲಿಫೋರ್ನಿಯಾದ 1913ರ ಕಾನೂನು. ಭಾರತೀಯರಿಗೆ ಆ ಅರ್ಹತೆಯೇ ಇಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟಿನ 1923ರ ತೀರ್ಪು. ಎರಡೂ ಕಡೆಯಿಂದ ಬೇಲಿ.

1946ರಲ್ಲಿ ಪೌರತ್ವದ ಕಾನೂನು ಬದಲಾಯಿತು, 1949ರಲ್ಲಿ ಇವರು ಅಮೆರಿಕದ ಪ್ರಜೆಯಾದರು. ಮರುವರ್ಷವೇ ವೆಸ್ಟ್‌ಮೋರ್‌ಲೆಂಡ್ ಅನ್ನೋ ಪುಟ್ಟ ಊರಿನ ನ್ಯಾಯಾಧೀಶರ ಚುನಾವಣೆಗೆ ನಿಂತು ಗೆದ್ದೂ ಬಿಟ್ಟರು. ಪ್ರಜೆಯಾಗಿ ವರ್ಷ ತುಂಬಿಲ್ಲ ಅಂತ ಕುರ್ಚಿ ಕೊಡಲಿಲ್ಲ. ನಾನಾಗಿದ್ದರೆ ಅಲ್ಲಿಗೇ ಕೈಮುಗಿದು ಹೊಲದ ಕಡೆ ನಡೀತಿದ್ದೆ. ಇವರು 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು. 1956ರಲ್ಲಿ ಹೆಸರಾಂತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿ ಅಮೆರಿಕ ಸಂಸತ್ತಿನ ಕೆಳಮನೆಗೇ ಹೋದರು. ಏಷ್ಯಾ ಮೂಲದವರಲ್ಲಿ ಮೊದಲಿಗರು.

ನನ್ನನ್ನು ಕಾಡುತ್ತಿರೋದು ಸಂಸತ್ತಲ್ಲ, ನಡುವಿನ ಆ ಇಪ್ಪತ್ತು ಚಿಲ್ಲರೆ ವರ್ಷ. ಪಹಣಿಯಲ್ಲಿ ಒಂದಕ್ಷರ ತಪ್ಪಾಗಿದ್ದಕ್ಕೇ ನಮ್ಮಪ್ಪ ಎರಡು ವರ್ಷ ಮುಖ ಸಣ್ಣ ಮಾಡಿಕೊಂಡು ಓಡಾಡಿದ್ದರು. ಬೆಳಿಗ್ಗೆ ಫೋನ್ ಮಾಡಿ ಇವರ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಅಪ್ಪ ಕೇಳಿದ್ದು ಒಂದೇ: ‘ಆ ಸೊಪ್ಪಿಗೆ ನೀರು ಎಲ್ಲಿಂದ ತರ್ತಿದ್ರಂತೆ?’

ಕೊಲರಾಡೋ ನದಿಯ ಕಾಲುವೆ, ಅಪ್ಪಾ.