ಒಂದು ಸಿಎಫ್‌ಟಿ ಮರಕ್ಕೆ ಎಷ್ಟು ಗೋಡೆ?

ಮರಕ್ಕೆ ಘನ ಅಡಿಯ, ಅಂದರೆ ಸಿಎಫ್‌ಟಿಯ ಲೆಕ್ಕ, ಗೋಡೆಗೆ ಚದರ ಅಡಿಯ ಲೆಕ್ಕ. ಗೋಡೆಗೆ ಹಲಗೆ ಹೊಡೆಸಲು ಹೊರಟವರಿಗೆ ತಲೆನೋವು ಶುರುವಾಗುವುದೇ ಇಲ್ಲಿ. ನನ್ನದು ಹಗಲೆಲ್ಲ ಲೆಕ್ಕಪತ್ರದ ಕೆಲಸ, ರಜೆ ಬಂತೆಂದರೆ ಕೈಯಲ್ಲಿ ಹತ್ತರಿ. ಹಾಗಾಗಿ ನೆಂಟರ ಇಂಥ ಪ್ರಶ್ನೆಗಳೆಲ್ಲ ನನಗೇ ಬರುತ್ತವೆ. ಮೊನ್ನೆ ಭಾವ ಫೋನ್ ಮಾಡಿದ್ದರು. "ಒಂದು ಸಿಎಫ್‌ಟಿಗೆ ಎಷ್ಟು ಚದರ ಅಡಿ ಬರುತ್ತೆ? ಒಂದೇ ಮಾತಲ್ಲಿ ಹೇಳಿಬಿಡು."

ಒಂದೇ ಮಾತಲ್ಲಿ ಅಂದರೆ, 12ನ್ನು ಹಲಗೆಯ ದಪ್ಪದಿಂದ ಭಾಗಿಸಿ. ದಪ್ಪ ಇಂಚಿನಲ್ಲಿರಬೇಕು. ಒಂದಿಂಚಿನ ಹಲಗೆಗೆ 12 ಚದರ ಅಡಿ, ಮುಕ್ಕಾಲು ಇಂಚಿಗೆ 16, ಅರ್ಧ ಇಂಚಿಗೆ 24. ಮೀಟರಿನಲ್ಲಿ ಅಳೆಯುವವರು 1000ವನ್ನು ಮಿಲಿಮೀಟರ್ ದಪ್ಪದಿಂದ ಭಾಗಿಸಿದರಾಯಿತು. 20 ಮಿ.ಮೀ. ಹಲಗೆಯಾದರೆ ಒಂದು ಘನ ಮೀಟರಿಗೆ 50 ಚದರ ಮೀಟರ್.

"ಇಷ್ಟೇನಾ?" ಅಂದರು ಭಾವ. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ನಾನು ಮೊದಲು ಕೇಳುವುದು, ಆ ಸಿಎಫ್‌ಟಿಯನ್ನು ಯಾವಾಗ ಅಳೆದದ್ದು ಅಂತ. ಕೊಯ್ದ ಒರಟು ಹಲಗೆಯನ್ನು ಅಳೆದದ್ದಾ, ಹತ್ತರಿ ಹೊಡೆದು ನುಣುಪಾದ ಮೇಲೆ ಅಳೆದದ್ದಾ? ಮುಕ್ಕಾಲು ಇಂಚಿನ ಒರಟು ಹಲಗೆ ಎರಡೂ ಕಡೆ ಹತ್ತರಿ ತಿಂದು ಅರ್ಧ ಇಂಚಿಗೆ ಇಳಿಯಿತು ಅಂದುಕೊಳ್ಳಿ. ಗೋಡೆ ಮೇಲೆ ಕೂರುವುದು ಅರ್ಧ ಇಂಚು, ಆದರೆ ದುಡ್ಡು ಕೊಟ್ಟದ್ದು ಮುಕ್ಕಾಲು ಇಂಚಿಗೆ. ಬಿಲ್ಲು ಒರಟು ಅಳತೆಯದಾಗಿದ್ದರೆ ಸಿಎಫ್‌ಟಿಗೆ 24 ಬರುವುದಿಲ್ಲ, 16 ಬರುತ್ತದೆ.

ಇನ್ನು ಅಗಲ. ಟಂಗ್ ಅಂಡ್ ಗ್ರೂವ್ ಹಲಗೆಯಲ್ಲಿ ಒಂದರ ಅಂಚಿನ ನಾಲಿಗೆ ಇನ್ನೊಂದರ ಅಂಚಿನಲ್ಲಿ ಕೊರೆದ ಸಾಲಿನೊಳಗೆ ಹೋಗಿ ಕೂರುತ್ತದೆ. ಒಳಗೆ ಹೋದ ಭಾಗ ಗೋಡೆ ಮುಚ್ಚುವುದಿಲ್ಲ. ಟೇಪು ಹಿಡಿದರೆ 4 ಇಂಚು ತೋರಿಸುವ ಹಲಗೆ, ನಾಲಿಗೆ ಕಳೆದರೆ 3⅝ ಇಂಚು ಮಾತ್ರ ಮುಚ್ಚಬಹುದು. ಒಂದು ಹಲಗೆಯಲ್ಲಿ ಇದು ಕಣ್ಣಿಗೂ ಬೀಳುವುದಿಲ್ಲ. ಪೂರ್ತಿ ಗೋಡೆಗೆ ಬಂದಾಗ ಹತ್ತರಲ್ಲಿ ಒಂದು ಪಾಲಿನಷ್ಟು ಮಾಯ.

ಭಾವನ ಗೋಡೆ 12 ಅಡಿ ಉದ್ದ, 9 ಅಡಿ ಎತ್ತರ. ಅಂದರೆ 108 ಚದರ ಅಡಿ. ಅದರಲ್ಲಿ 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲು. ಅದರ 21 ಕಳೆದರೆ ಉಳಿದದ್ದು 87. ನಾಲಿಗೆಯ ಲೆಕ್ಕ ಸೇರಿಸಿದರೆ 87ಕ್ಕೆ 96 ಚದರ ಅಡಿ ಹಲಗೆ ಬೇಕು. ಎಲ್ಲರೂ ಹೇಳುವ ಹಾಗೆ ಶೇ. 10 ವೇಸ್ಟೇಜ್ ಇಟ್ಟರೆ 105.6. ಅರ್ಧ ಇಂಚಿನ ನುಣುಪು ಹಲಗೆಯ ಅಳತೆಯಲ್ಲಿ ಇದು 4.4 ಸಿಎಫ್‌ಟಿ. ಮುಕ್ಕಾಲು ಇಂಚಿನ ಒರಟು ಅಳತೆಯಲ್ಲಾದರೆ 6.6. ಒರಟು ಹಲಗೆಯ ಅಗಲವೂ 4¼ ಇಂಚು ಇರಬೇಕಲ್ವಾ? ಅದನ್ನೂ ಹಿಡಿದರೆ 7. ಅದೇ ಗೋಡೆ, ಅದೇ ಹಲಗೆ. ಎಲ್ಲಿ ಟೇಪು ಹಿಡಿದರು ಅನ್ನುವುದರ ಮೇಲೆ 4.4 ಕೂಡ ಸರಿ, 7 ಕೂಡ ಸರಿ.

ಆ ಶೇ. 10ರ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಸಿಎಫ್‌ಟಿ ನಿಮಗೆ ಹಲಗೆಯ ಉದ್ದ ಹೇಳುವುದಿಲ್ಲ. ಭಾವನಿಗೆ ಹಲಗೆ ನೆಟ್ಟಗೆ ನಿಲ್ಲಿಸಬೇಕು. 144 ಇಂಚನ್ನು 3⅝ರಿಂದ ಭಾಗಿಸಿದರೆ 40 ಹಲಗೆ. ಅದರಲ್ಲಿ 30 ಪೂರ್ತಿ 9 ಅಡಿಯವು, 10 ಬಾಗಿಲ ಮೇಲಿನ 2 ಅಡಿಯ ತುಂಡುಗಳು. ಹಲಗೆ 12 ಅಡಿ ಉದ್ದದ್ದು ಸಿಕ್ಕರೆ, ಪ್ರತಿಯೊಂದರಲ್ಲೂ ಉಳಿಯುವ 3 ಅಡಿಯಲ್ಲೇ ಬಾಗಿಲ ಮೇಲಿನ ತುಂಡುಗಳು ಆಗಿಬಿಡುತ್ತವೆ. 30 ಹಲಗೆ ಸಾಕು, ಒಟ್ಟು 5 ಸಿಎಫ್‌ಟಿ. 10 ಅಡಿಯದ್ದಾದರೆ ಉಳಿಯುವ ಒಂದೊಂದು ಅಡಿ ಯಾವುದಕ್ಕೂ ಆಗುವುದಿಲ್ಲ. ಗರಗಸ ತಿನ್ನುವುದರಿಂದ ಒಂದು ಹಲಗೆಯಲ್ಲಿ 2 ಅಡಿಯ ಐದು ತುಂಡು ಪೂರ್ತಿ ಬರುವುದಿಲ್ಲ, ನಾಲ್ಕೇ; ಹಾಗಾಗಿ ತುಂಡುಗಳಿಗೆ ಬೇರೆ 3 ಹಲಗೆ ಬೇಕು. ಆದರೂ 33 ಹಲಗೆಗೆ ಸುಮಾರು 4.6 ಸಿಎಫ್‌ಟಿ. ಅಂದರೆ ತುಂಡು ಉಪಯೋಗಕ್ಕೆ ಬಾರದಿದ್ದರೂ 10 ಅಡಿಯದ್ದೇ ಲಾಭ. ಶೇಕಡಾ ಲೆಕ್ಕದ 4.4 ಮಾತ್ರ ಎರಡಕ್ಕೂ ಸಾಲುವುದಿಲ್ಲ. ಒಂದು ಹಾಳೆ ತಗೊಂಡು ಗೋಡೆ ಬರೆದು, ಹಲಗೆ ಎಣಿಸುವುದೇ ವಾಸಿ.

ನಾಟಾ ಇಟ್ಟುಕೊಂಡು ತಾವೇ ಕೊಯ್ಯಿಸುವವರಿಗೆ ಗರಗಸದ ಪಾಲೂ ಇದೆ. ಒಂದಿಂಚಿನ ಹಲಗೆಗೆ ⅛ ಇಂಚು ಹುಡಿಯಾಗಿ ಹೋದರೂ ಸಿಎಫ್‌ಟಿಗೆ 12 ಅಲ್ಲ, 10.7 ಚದರ ಅಡಿ. ದುಂಡು ಮರದ ಕಥೆ ಇನ್ನೊಂದು ರೀತಿ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಹಳೇ ಲೆಕ್ಕವಿದೆ. ಅದು ನಿಜವಾದ ಗಾತ್ರದ ಶೇ. 78.5ರಷ್ಟನ್ನೇ ತೋರಿಸುತ್ತದೆ. ತಪ್ಪೇನಲ್ಲ, ಕೊಯ್ಯುವಾಗ ಹೋಗುವ ಅಂಚನ್ನು ಮೊದಲೇ ಬಿಟ್ಟ ಹಾಗೆ.

ಹಸಿ ಮರ ಮಾತ್ರ ತರಬೇಡಿ ಅಂತ ಭಾವನಿಗೆ ಎರಡೆರಡು ಸಲ ಹೇಳಿದೆ. ಮರ ಒಣಗುವಾಗ ಉದ್ದದಲ್ಲಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅಗಲದಲ್ಲಿ ಕುಗ್ಗುತ್ತದೆ. ಲೆಕ್ಕದಲ್ಲಿ ಮುಚ್ಚಿದ್ದ ಗೋಡೆ ಕೆಲವು ತಿಂಗಳಲ್ಲಿ ಸಂದುಸಂದಾಗಿ ಬಾಯಿ ಬಿಡುತ್ತದೆ.

"ಸರಿ, 5 ಸಿಎಫ್‌ಟಿ ಹೇಳಿಬಿಡ್ತೀನಿ" ಅಂದರು ಭಾವ. ಹಲಗೆ ಹೊಡೆಯೋದು ಯಾವುದರ ಮೇಲೆ ಅಂತ ಕೇಳಿದೆ. ಹಿಂದೆ ರೀಪು ಬೇಕಲ್ಲ! 2 ಇಂಚು ಅಗಲ, 1 ಇಂಚು ದಪ್ಪದ ರೀಪು 72 ಅಡಿ ಉದ್ದಕ್ಕೆ ಸರಿಯಾಗಿ ಒಂದು ಸಿಎಫ್‌ಟಿ ಆಗುತ್ತದೆ. ಎರಡೆರಡು ಅಡಿಗೆ ಒಂದು ಸಾಲು ಅಡ್ಡ ಹೊಡೆದು, ಬಾಗಿಲ ಸುತ್ತಲೂ ಕೊಟ್ಟರೆ ಭಾವನ ಗೋಡೆಗೂ ಹತ್ತಿರಹತ್ತಿರ ಅಷ್ಟೇ ಬೇಕು.