ಆ ಮರಳಲ್ಲಿ ಏನು ನೋಡ್ತೀಯ ಅಂತ ಕೇಳುವವರಿಗೆ

ಫೆಬ್ರವರಿಯಲ್ಲಿ ಜೈಸಲ್ಮೇರ್‌ಗೆ ಹೊರಟಾಗಲೆಲ್ಲ ಮನೆಯವರು, ಸ್ನೇಹಿತರು ಎಲ್ಲರೂ ಕೇಳುವುದು ಒಂದೇ: "ಬಂಡೀಪುರ ಇಲ್ಲೇ ಇದೆ, ಅಷ್ಟು ದೂರ ಹೋಗಿ ಆ ಮರಳಲ್ಲಿ ಏನು ಪ್ರಾಣಿ ನೋಡ್ತೀಯ?"

ಪ್ರಾಣಿ ಕಾಣುವುದು ಕಡಿಮೆಯೇ, ಒಪ್ಪುತ್ತೇನೆ. ನಾನು ಹೋಗುವುದು ಹೆಜ್ಜೆ ನೋಡಲಿಕ್ಕೆ. ಬಂಡೀಪುರದಲ್ಲಿ ಹುಲಿ ಹತ್ತಿರ ಬಂದರೆ ಜಿಂಕೆ, ಮುಸುವ ಕೂಗಿ ಹೇಳುತ್ತವೆ, ಕಿವಿ ಚುರುಕಾಗಿದ್ದರೆ ಸಾಕು. ಜೈಸಲ್ಮೇರ್‌ ಸುತ್ತಲಿನ ಥಾರ್ ಮರುಭೂಮಿಯಲ್ಲಿ ಯಾರೂ ಕೂಗುವುದಿಲ್ಲ, ನೆಲ ನೋಡಬೇಕು.

ಅಲ್ಲಿನ ಮರುಭೂಮಿ ರಾಷ್ಟ್ರೀಯ ಉದ್ಯಾನ 3,162 ಚದರ ಕಿಲೋಮೀಟರ್ ಇದೆ. ಫೋಟೋಗಳಲ್ಲಿ ಕಾಣುವ ಮರಳು ದಿಬ್ಬ ಅದರಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಹುಲ್ಲು, ಎಕ್ಕದ ಗಿಡ, ಅಲ್ಲಲ್ಲಿ ಖೇಜ್ಡಿ, ಅಂದರೆ ನಮ್ಮ ದಸರೆಯ ಬನ್ನಿ ಮರ.

ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು. ಬಿಸಿಲು ಓರೆಯಾಗಿ ಬೀಳುವಾಗ ಸೂರ್ಯನ ಕಡೆ ಮುಖ ಮಾಡಿ ನಿಂತರೆ ಪುಟ್ಟ ಗುರುತಿಗೂ ನೆರಳು ಬಂದು ಎದ್ದು ಕಾಣುತ್ತದೆ. ಗಾಳಿ ಎದ್ದರೆ ಮುಗಿಯಿತು. ಉಗುರು ಊರಿದ್ದರೆ ನರಿ ಅಥವಾ ನಾಯಿ, ಉಗುರಿಲ್ಲದೆ ಗುಂಡಗಿದ್ದರೆ ಸಾಮಾನ್ಯವಾಗಿ ಮರುಭೂಮಿ ಬೆಕ್ಕು. ನರಿ ಹಿಂಗಾಲನ್ನು ಮುಂಗಾಲಿನ ಗುರುತಿನಲ್ಲೇ ಇಡುತ್ತಾ ದಾರ ಹಿಡಿದಂತೆ ನೇರ ಹೋಗುತ್ತದೆ, ನಾಯಿ ಅಲ್ಲಿ ಮೂಸಿ ಇಲ್ಲಿ ಮೂಸಿ ಅಡ್ಡಾದಿಡ್ಡಿ ನಡೆಯುತ್ತದೆ. ಒಂದಕ್ಕೊಂದು ಸೇರದ ಓರೆ ಗೆರೆಗಳ ಸಾಲು ಕಂಡರೆ ವಿಷದ ಗರಗಸ ಮಂಡಲದ ಹಾವು ಅಡ್ಡಡ್ಡ ಸರಿದು ಹೋಗಿದೆ, ಪೊದೆಗೆ ಕೈ ಹಾಕಬೇಡಿ. ಹಕ್ಕಿಯ ಗರಿ ಚೆಲ್ಲಿದ್ದರೆ ಬುಡ ನೋಡಿ. ಬುಡ ಸಮೇತ ಕಿತ್ತಿದ್ದರೆ ಹದ್ದು ಡೇಗೆಗಳ ಕೆಲಸ, ಹಲ್ಲಿನಿಂದ ಕತ್ತರಿಸಿದ್ದರೆ ನರಿಯದೋ ಬೆಕ್ಕಿನದೋ.

ಒಂದು ಬೆಳಿಗ್ಗೆ ಎಕ್ಕದ ಗಿಡದಿಂದ ಹೊರಟ ಇಲಿಯ ಪುಟ್ಟ ಹೆಜ್ಜೆಗಳ ಹಿಂದೆ ಬಗ್ಗಿಕೊಂಡೇ ಹೋದೆ. ಬಯಲಿನ ನಡುವೆ ಹೆಜ್ಜೆ ಥಟ್ಟನೆ ನಿಂತಿತು. ಬಿಲ ಇಲ್ಲ, ಪೊದೆ ಇಲ್ಲ. ಎರಡೂ ಬದಿಗೆ ಬೀಸಣಿಗೆ ತಾಗಿಸಿದ ಹಾಗೆ ರೆಕ್ಕೆಯ ಗೆರೆಗಳು! ಆ ಗೆರೆಗಳ ಮೇಲೆ ಜೀರುಂಡೆಯೊಂದು ದಾಟಿ ಹೋದ ಸಾಲು ಇತ್ತು. ಅಲ್ಲಿ ಆ ಜೀರುಂಡೆಗಳನ್ನು ನಾನು ಕಂಡದ್ದು ಕತ್ತಲಲ್ಲೇ. ಹಾಗಾದರೆ ಇಲಿ ಹೋದದ್ದು ಬೆಳಕಾಗುವ ಮೊದಲು, ಬಹುಶಃ ಗೂಬೆಗೆ. ಅರ್ಧ ಗಂಟೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಸಫಾರಿ ಜೀಪಿನಲ್ಲಿ ಹುಲಿ ಕಂಡಾಗಲೂ ನನಗೆ ಅಷ್ಟು ಖುಷಿ ಆಗಿಲ್ಲ.

ಹೊಟ್ಟೆ ಉರಿಯುವುದು ನಾಯಿ ಹೆಜ್ಜೆ ಕಂಡಾಗ. ಊರ ನಾಯಿಗಳು ಗುಂಪು ಕಟ್ಟಿಕೊಂಡು ಚಿಂಕಾರವನ್ನು, ಅಂದರೆ ಅಲ್ಲಿನ ಪುಟ್ಟ ಹುಲ್ಲೆಯನ್ನು, ಅಟ್ಟಿದ ಜಾಡು ಒಮ್ಮೆ ಸಿಕ್ಕಿತ್ತು. ಚಿಂಕಾರದ ಗೊರಸು ಅಗಲಿಸಿ ಆಳಕ್ಕೆ ಊರಿತ್ತು, ಮರಳು ಹಿಂದಕ್ಕೆ ಚಿಮ್ಮಿತ್ತು, ನಾಯಿಗಳು ಎರಡು ಕಡೆಯಿಂದ ಬಂದಿದ್ದವು. ಕೊನೆಯವರೆಗೆ ಹಿಂಬಾಲಿಸಲು ನನಗೆ ಮನಸ್ಸು ಬರಲಿಲ್ಲ. ಅದೇ ಹುಲ್ಲುಗಾವಲಿನಲ್ಲಿ ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ದೊಡ್ಡ ಹಕ್ಕಿ ನೆಲದ ಮೇಲೆ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ಒಂದೇ ಒಂದು. ನಮ್ಮ ಸಿರುಗುಪ್ಪದ ಎರ್ಲಡ್ಡು ಹಕ್ಕಿಯೇ ಅದು. ಸಹಜ ನೆಲೆಯಲ್ಲಿ ಉಳಿದಿರುವುದು 200ಕ್ಕಿಂತ ಕಡಿಮೆ.

ಹಾಗಾಗಿ ಈಗ ನಾನು ಅಲ್ಲಿ ಮೊದಲು ಮಾಡುವುದು ಹುಲ್ಲುಗಾವಲಿನ ಅಂಚಿಗೆ ಒಂದು ಸುತ್ತು. ನಾಯಿ ಒಳಗೆ ಹೋದ ಜಾಡಿದ್ದರೆ ಅರಣ್ಯ ಕಾವಲುಗಾರರಿಗೆ ಜಾಗ ತೋರಿಸಿ, ಆಮೇಲೆ ಬೆಕ್ಕಿನ ಹೆಜ್ಜೆ ಹುಡುಕಲು ಹೊರಡುತ್ತೇನೆ.